ಪೆನ್ ಡ್ರೈವ್‌ಗಳ ದಾರಿಗೆ ಅಡ್ಡ ನಿಂತ ತಡಿಯಕ್ಕ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಬಸ್ ನಿಲ್ದಾಣದಲ್ಲಿ ದಿನದ ಮೊದಲ ಬಸ್ಸು ಗುರುಗುಡುತ್ತಾ ನಿಂತಿದೆ. ಅದರ ಚಾಲಕರು ಕಿಟಕಿಯಿಂದ ಕೈ ಹೊರಹಾಕಿ ರಸ್ತೆಯಾಚೆಯ ಮೂರನೇ ಅಂಗಡಿಯ ಕಡೆಗೆ ಬೀಸುತ್ತಾರೆ. ಅರ್ಧ ಎತ್ತಿದ ಶಟರಿನಡಿ ಬಗ್ಗಿ ಒಳಹೋಗುತ್ತಿರುವ ಹೆಂಗಸು ತಿರುಗಿ ನೋಡದೆಯೇ ತಾವೂ ಕೈಯೆತ್ತುತ್ತಾರೆ. ಇಬ್ಬರೂ ಗಂಡ ಹೆಂಡತಿ. ಇಪ್ಪತ್ತು ವರ್ಷದಿಂದ ಅವರ ಬೆಳಗಿನ ಮಾತುಕತೆ ಇಷ್ಟೇ.

ಅಂಗಡಿ ಎಂಟಡಿ ಅಗಲ, ಹತ್ತಡಿ ಉದ್ದ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಗೆ ಒರಗಿಸಿಟ್ಟ ಕಾಗದದ ಕಟ್ಟುಗಳು, ಎರಡು ಸ್ಟೂಲು. ಮೇಜಿನ ಕೆಳಗೆ ಮೂರನೆಯದೊಂದು ಹಳೇ ಕಂಪ್ಯೂಟರಿದೆ. ಅದಕ್ಕೆ ಇಂಟರ್ನೆಟ್ಟಿನ ತಂತಿಯೇ ಇಲ್ಲ. ದೀಪ ಹಾಕುವುದಕ್ಕೂ ಮೊದಲು ಅವರು ಮೇಜಿನ ಮೇಲಿನ ಕಂಪ್ಯೂಟರಿನ ಗುಂಡಿ ಒತ್ತುತ್ತಾರೆ. ಪರದೆಯ ಮೂಲೆಯಲ್ಲಿ ಪುಟ್ಟ ಚಕ್ರವೊಂದು ತಿರುಗತೊಡಗುತ್ತದೆ. ನಿನ್ನೆಯಿಂದೀಚೆಗೆ ಪತ್ತೆಯಾದ ಹೊಸ ವೈರಸ್ಸುಗಳ ಗುರುತುಪಟ್ಟಿ ಇಳಿಯುತ್ತಿದೆ. ಅದು ಮುಗಿಯುವಷ್ಟರಲ್ಲಿ ನೆಲ ಗುಡಿಸುತ್ತಾರೆ, ಮೇಜು ಒರೆಸುತ್ತಾರೆ. ಫ್ಲಾಸ್ಕಿನಲ್ಲಿರುವ ಚಹಾವನ್ನು ಮಾತ್ರ ಮುಟ್ಟುವುದಿಲ್ಲ.

“ಮೊದ್ಲು ಇದರ ಹೊಟ್ಟೆಗೆ ಬೀಳ್ಬೇಕು. ಆಮೇಲೆ ನನ್ನ ಹೊಟ್ಟೆಗೆ,” ಎನ್ನುತ್ತಾರೆ, ಪರದೆಯಿಂದ ಕಣ್ಣು ತೆಗೆಯದೆ.

ಆರು ದಾಟುತ್ತಿದ್ದಂತೆ ಮೊದಲ ಗಿರಾಕಿ ಬರುತ್ತಾರೆ. ರಾತ್ರಿ ಪಾಳಿ ಮುಗಿಸಿಕೊಂಡು ಬಂದ ನರ್ಸ್. ಕಣ್ಣು ಕೆಂಪಗಿದೆ, ಕೈಯಲ್ಲಿ ಪೆನ್ ಡ್ರೈವ್.

“ಅಕ್ಕ, ಎರಡೇ ಪುಟ. ಬೇಗ ಹಾಕ್ಕೊಡಿ, ಬಸ್ ಹೊರಡತ್ತೆ.”

“ತಡೀರಿ.”

“ನನ್ ಪೆನ್ ಡ್ರೈವಲ್ಲಿ ಏನಿರತ್ತಕ್ಕಾ? ಆಸ್ಪತ್ರೆಯಿಂದ ನೇರ ತಂದಿದೀನಿ.”

“ಆಸ್ಪತ್ರೆಯಿಂದ ತಂದಿದೀರಿ ಅಂತಾನೇ ತಡೀರಿ ಅಂದೆ.”

ನರ್ಸ್‌ಗೆ ನಗು ತಡೆಯಲಾಗುವುದಿಲ್ಲ. ಪೆನ್ ಡ್ರೈವ್ ಪರೀಕ್ಷೆಗೆ ಮೂವತ್ತೆಂಟು ಸೆಕೆಂಡು. ಪರದೆಯ ಮೇಲೆ ಕೆಂಪು ಚೌಕವೊಂದು ಮೂಡುತ್ತದೆ. ಎರಡು ಫೈಲುಗಳ ನಡುವೆ ಮೂರನೆಯದೊಂದು ಅಡಗಿ ಕುಳಿತಿತ್ತು. ಅಕ್ಕ ಅದನ್ನು ಕಿತ್ತುಹಾಕಿ, ಮತ್ತೊಮ್ಮೆ ಪರೀಕ್ಷಿಸಿ, ಎರಡು ಪುಟ ಅಚ್ಚು ಹಾಕಿ ಕೊಡುತ್ತಾರೆ. “ನೀವು ಸೂಜಿ ಚುಚ್ಚೋಕ್ ಮುಂಚೆ ಹತ್ತಿಯಲ್ಲಿ ಒರೆಸ್ತೀರಲ್ಲ, ಇದೂ ಹಂಗೇ. ಓಡಿ ಈಗ. ಡ್ರೈವರು ನಮ್ಮನೆಯವರೇ, ಆದ್ರೆ ನಾನು ಹೇಳಿದ್ರೂ ಒಂದ್ ನಿಮಿಷ ನಿಲ್ಲಿಸಲ್ಲ.”

ಬಡಾವಣೆಯಲ್ಲಿ ಇವರ ನಿಜವಾದ ಹೆಸರು ಗೊತ್ತಿರುವವರು ಕಡಿಮೆ. ಯಾರು ಪೆನ್ ಡ್ರೈವ್ ಚಾಚಿದರೂ ಮೊದಲು ಬರುವ ಮಾತು ‘ತಡೀರಿ’. ಹಾಗಾಗಿ ಎಲ್ಲರಿಗೂ ಇವರು ತಡಿಯಕ್ಕ. ವಯಸ್ಸು ಐವತ್ತೆರಡು. ದಿನಕ್ಕೆ ಸರಾಸರಿ ಎಪ್ಪತ್ತು ಪೆನ್ ಡ್ರೈವ್‌ಗಳು ಈ ಮೇಜಿಗೆ ಬಂದು ಹೋಗುತ್ತವೆ. ಅವುಗಳಲ್ಲಿ ನಾಲ್ಕೋ ಐದೋ ರೋಗ ಹೊತ್ತು ಬರುತ್ತವೆ. ಪರೀಕ್ಷೆ ಅರ್ಜಿ, ಬಾಡಿಗೆ ಕರಾರು, ಮಕ್ಕಳ ಪ್ರಾಜೆಕ್ಟು, ಮದುವೆ ಫೋಟೋ, ಎಲ್ಲಕ್ಕೂ ದಾರಿ ಇದೊಂದೇ. “ನನ್ನ ಅಂಗಡಿ ಅಂದ್ರೆ ಊರಿನ ಬಾವಿ ಇದ್ದಂಗೆ. ಎಲ್ರೂ ಬಿಂದಿಗೆ ಇಳಿಸ್ತಾರೆ. ಒಬ್ಬರ ಬಿಂದಿಗೆ ಹೊಲಸಾಗಿದ್ರೆ ಎಲ್ರ ಮನೆಗೂ ಅದೇ ನೀರು,” ಎನ್ನುತ್ತಾರೆ.

ಈ ಮಾತು ಅವರ ಬಾಯಿಗೆ ಸುಮ್ಮನೆ ಬಂದದ್ದಲ್ಲ. ಒಂಬತ್ತು ವರ್ಷದ ಹಿಂದೆ ಆ ಬಾವಿ ಕೆಟ್ಟಿತ್ತು. ಕೆಡಿಸಿದ್ದು ಅವರೇ.

ಹದಿನೇಳನೇ ವಯಸ್ಸಿಗೆ ಬೆರಳಚ್ಚು ಕಲಿತವರು ತಡಿಯಕ್ಕ. ವಕೀಲರೊಬ್ಬರ ಕಚೇರಿಯಲ್ಲಿ ಹದಿಮೂರು ವರ್ಷ ಟಕಟಕ ಎಂದು ಕುಟ್ಟಿದರು. ಟೈಪ್‌ರೈಟರುಗಳು ಮೂಲೆ ಸೇರಿದ ಮೇಲೆ, ಯಾರೋ ಬಳಸಿ ಬಿಟ್ಟ ಕಂಪ್ಯೂಟರೊಂದನ್ನು ತಂದು ಈ ಅಂಗಡಿ ತೆರೆದರು. ವೈರಸ್ಸೆಂಬುದು ನೆಗಡಿಗೆ ಸಂಬಂಧಪಟ್ಟದ್ದೆಂದೇ ತಿಳಿದಿದ್ದರಂತೆ. ಒಂದು ದಿನ ಪರದೆ ತುಂಬ ದೊಡ್ಡ ಅಕ್ಷರ ಮಿನುಗಿತು: ‘ನಿಮ್ಮ ಕಂಪ್ಯೂಟರಿನಲ್ಲಿ 418 ವೈರಸ್‌ಗಳಿವೆ! ಉಚಿತವಾಗಿ ತೆಗೆಯಲು ಇಲ್ಲಿ ಒತ್ತಿ.’

“ನಾನೂರ ಹದಿನೆಂಟು ಅಂತ ಲೆಕ್ಕ ಇಟ್ಟು ಹೇಳ್ತಿದೆಯಲ್ಲ, ಪಾಪ, ಒಳ್ಳೇದೇ ಇರ್ಬೇಕು ಅನ್ಕೊಂಡೆ. ಅದೂ ಫ್ರೀ. ಪುಕ್ಸಟ್ಟೆ ಸಿಕ್ರೆ ನಂಗೊಂದಿರ್ಲಿ, ನಮ್ಮಪ್ಪಂಗೂ ಒಂದಿರ್ಲಿ ಅಂತಾರಲ್ಲ, ಹಂಗಾಯ್ತು ನನ್ ಕಥೆ. ಒತ್ತಿದೆ. ಕಾವಲುಗಾರ ಅಂತ ಕರ್ಕೊಂಡು ಬಂದಿದ್ದು ಕಳ್ಳನ್ನೇ. ಬೇಲೀನೇ ಎದ್ದು ಹೊಲ ಮೇಯ್ತು.”

ಆ ನಕಲಿ ಆಂಟಿವೈರಸ್ಸು ಮೊದಲು ಅಂಗಡಿಯ ಕಂಪ್ಯೂಟರನ್ನು ಹಿಡಿಯಿತು. ಅಲ್ಲಿಂದ ಗಿರಾಕಿಗಳ ಪೆನ್ ಡ್ರೈವ್‌ಗಳಿಗೆ, ಪೆನ್ ಡ್ರೈವ್‌ಗಳಿಂದ ಅವರವರ ಮನೆಗಳಿಗೆ ಹಬ್ಬಿತು. ಎಂಟೇ ದಿನದಲ್ಲಿ ನಲವತ್ತೊಂದು ಮನೆ. ಕೆಲವರ ಫೋಲ್ಡರುಗಳು ಮಾಯವಾದವು, ಕೆಲವರ ಯಂತ್ರ ಏಳಲೇ ಇಲ್ಲ. ಹಿಂದಿನ ಬೀದಿಯ ಫೋಟೋಗ್ರಾಫರು ಮೂರು ವರ್ಷ ತೆಗೆದ ಮದುವೆ ಫೋಟೋಗಳನ್ನೆಲ್ಲ ಕಳೆದುಕೊಂಡರು. ಆತ ಬಂದು ಅಂಗಡಿಯ ಬಾಗಿಲಲ್ಲಿ ನಿಂತರು. ಕೂಗಾಡಲಿಲ್ಲ.

“ಅಕ್ಕ, ಅವರಿಗೆಲ್ಲ ಇನ್ನೊಂದ್ಸಲ ಮದುವೆ ಮಾಡ್ಸೋಕಾಗತ್ತಾ?” ಎಂದು ಕೇಳಿ ಹೊರಟುಹೋದರು.

“ಬೈದಿದ್ರೆ ತಡ್ಕೋತಿದ್ದೆ. ಆ ಮಾತು ಇವತ್ತಿಗೂ ಎದೆಯಲ್ಲಿ ಮುಳ್ಳಾಗಿ ಕೂತಿದೆ,” ಎನ್ನುವಾಗ ತಡಿಯಕ್ಕನ ಬೆರಳುಗಳು ಕೀಲಿಮಣೆಯ ಮೇಲೆ ಸುಮ್ಮನಾಗುತ್ತವೆ. ಅಂದೇ ಶಟರು ಎಳೆದು ಮನೆಗೆ ಹೋಗಿ ಮಲಗಿಬಿಟ್ಟರು. ಮೂರು ದಿನ ಏಳಲಿಲ್ಲ. ನಾಲ್ಕನೇ ದಿನ ಅತ್ತೆ ಬಂದು ಹೊದಿಕೆ ಎಳೆದರು.

ಈ ಅತ್ತೆಯ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಈಗ ಎಂಬತ್ತೊಂದು ವರ್ಷ. ಕಿವಿ ಮಂದ, ನಾಲಿಗೆ ಚುರುಕು. ಮನೆಯ ಕಂಪ್ಯೂಟರಿನಲ್ಲಿ ದಿನಾ ಮಧ್ಯಾಹ್ನ ಇಸ್ಪೀಟು ಆಡುತ್ತಾರೆ, ಸೋತರೆ ಪರದೆಗೆ ಬೈಯುತ್ತಾರೆ. ಅವತ್ತು ಅವರು ಸೊಸೆಗೆ ಹೇಳಿದ್ದು ಇಷ್ಟು: “ಬೆಂಕಿ ಹಚ್ಚಿದೋಳು ನೀನು, ಆರ್ಸೋಳೂ ನೀನೇ ಆಗ್ಬೇಕು. ಮಲ್ಕೊಂಡ್ರೆ ಆರತ್ತಾ? ಏಳು.”

ತಡಿಯಕ್ಕ ಎದ್ದರು. ಹನ್ನೊಂದು ದಿನ ಅಂಗಡಿ ಮುಚ್ಚಿ ನಲವತ್ತೊಂದು ಮನೆಗಳ ಬಾಗಿಲು ತಟ್ಟಿದರು. ಕೆಲವರು ಮುಖಕ್ಕೇ ಬಾಗಿಲು ಹಾಕಿದರು. ಒಬ್ಬಾಕೆ ಕಂಪ್ಯೂಟರನ್ನು ಹೊರಗೆ ಮೆಟ್ಟಿಲ ಮೇಲೆ ತಂದಿಟ್ಟು, “ಇಲ್ಲೇ ಕೂತು ಮಾಡು, ಒಳಗ್ ಮಾತ್ರ ಕಾಲಿಡ್ಬೇಡ,” ಎಂದರಂತೆ. ಬಿಸಿಲಲ್ಲಿ ಮೆಟ್ಟಿಲ ಮೇಲೆ ಕೂತೇ ಅದನ್ನು ಸ್ವಚ್ಛ ಮಾಡಿಕೊಟ್ಟರು. ತಿಳಿದವರೊಬ್ಬರಿಂದ ಕೇಳಿ ಬರೆದುಕೊಂಡಿದ್ದ ಒಂದೂವರೆ ಪುಟದ ಸೂಚನೆ ಬಿಟ್ಟರೆ ಅವರ ಬಳಿ ಬೇರೆ ವಿದ್ಯೆ ಇರಲಿಲ್ಲ. ಮೊದಲ ಮನೆಗೆ ಐದು ಗಂಟೆ ಹಿಡಿಯಿತು, ಕೊನೆಯ ಮನೆಗೆ ನಲವತ್ತು ನಿಮಿಷ.

ಸ್ವಚ್ಛ ಮಾಡುವುದೇನೋ ಆಯಿತು. ಆದರೆ ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ: “ಮತ್ತೆ ಬರದೇ ಇರೋಕೆ ಏನ್ ಹಾಕ್ಕೋಬೇಕು? ಫ್ರೀ ಆಗಿರೋದ್ ಯಾವ್ದಾದ್ರೂ ಇದ್ರೆ ಹೇಳು.” ಫ್ರೀ ಎಂಬ ಪದಕ್ಕೇ ಬಲಿಯಾಗಿದ್ದ ಹೆಂಗಸಿಗೆ ಇದಕ್ಕಿಂತ ಕಷ್ಟದ ಪ್ರಶ್ನೆ ಬೇರೆ ಇರಲಿಲ್ಲ. ಉತ್ತರ ಹುಡುಕಲು ಒಂದು ವರ್ಷ ಹಿಡಿಯಿತು.

ಮೇಜಿನ ಕೆಳಗಿನ ತಂತಿಯಿಲ್ಲದ ಕಂಪ್ಯೂಟರಿನ ಕೆಲಸ ಶುರುವಾದದ್ದು ಆಗ. ಅದಕ್ಕೆ ಅವರಿಟ್ಟ ಹೆಸರು ‘ತಾತ’. ಬಡಾವಣೆಯಲ್ಲಿ ಯಾರ ಮನೆಯ ಯಂತ್ರವೂ ಇದಕ್ಕಿಂತ ಹಳೆಯದಿರಲಾರದು ಎಂಬ ಲೆಕ್ಕ. ಒಂದೊಂದೇ ಉಚಿತ ಆಂಟಿವೈರಸ್ಸನ್ನು ತಾತನ ಮೇಲೆ ಹಾಕಿ ನೋಡಿದರು. ಒಟ್ಟು ಹನ್ನೊಂದು. ಹಾಕಿದ ಮೇಲೆ ತಾತ ಏಳಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ, ಪತ್ರವೊಂದನ್ನು ಟೈಪು ಮಾಡುವಾಗ ಏದುಸಿರು ಬಿಡುತ್ತಾನೋ, ದಿನಕ್ಕೆ ಎಷ್ಟು ಸಲ ‘ಇದನ್ನು ಕೊಳ್ಳಿ, ಅದನ್ನು ಕೊಳ್ಳಿ’ ಎಂದು ಪೆಟ್ಟಿಗೆಗಳು ಎದ್ದು ನಿಲ್ಲುತ್ತವೆ, ಎಲ್ಲವೂ ನೋಟ್‌ಬುಕ್ಕಿಗೆ ಬಂತು. ಆಂಟಿವೈರಸ್ಸು ಎಚ್ಚರವಾಗಿದೆಯೋ ನಿದ್ದೆ ಹೊಡೆಯುತ್ತಿದೆಯೋ ನೋಡಲೆಂದೇ ಅಪಾಯವಿಲ್ಲದ ಪರೀಕ್ಷಾ ಫೈಲೊಂದು ಸಿಗುತ್ತದೆ. ಅದನ್ನು ಒಳಬಿಟ್ಟು, ಯಾವುದು ಕೂಗುತ್ತದೆ, ಯಾವುದು ಸುಮ್ಮನಿರುತ್ತದೆ ಎಂದು ಗುರುತು ಹಾಕಿಕೊಂಡರು.

ಎಡವಿದ್ದೂ ಉಂಟು. ಒಂದಕ್ಕಿಂತ ಎರಡು ಮೇಲಲ್ಲವೇ ಎಂದು ಒಮ್ಮೆ ಎರಡನ್ನು ಒಟ್ಟಿಗೇ ಹಾಕಿದರು. ಅವು ಒಂದನ್ನೊಂದು ಕಳ್ಳನೆಂದು ಹಿಡಿದುಕೊಂಡು ಕಿತ್ತಾಡಿ ತಾತನನ್ನೇ ಕೆಡವಿದವು. “ಒಂದೇ ಅಡುಗೆಮನೆಗೆ ಇಬ್ರು ಯಜಮಾನಿಯರು ಆದ್ರೆ ಏನಾಗತ್ತೆ ಅಂತ ನಂಗೆ ಗೊತ್ತಿರ್ಬೇಕಿತ್ತು,” ಎಂದು ಪಿಸುಗುಟ್ಟುತ್ತಾರೆ. ಅತ್ತೆ ಮನೆಯಲ್ಲಿದ್ದರೂ ಪಿಸುಗುಟ್ಟುವ ಅಭ್ಯಾಸ ಹೋಗಿಲ್ಲ.

ತಾತನ ಪರೀಕ್ಷೆಯಲ್ಲಿ ಪಾಸಾದದ್ದು ಐದು. ಅವಕ್ಕೆ ಅಂತಿಮ ಪರೀಕ್ಷೆ ಇನ್ನೂ ಬಾಕಿ ಇತ್ತು. ಅದನ್ನು ತಡಿಯಕ್ಕ ‘ಅತ್ತೆ ಪರೀಕ್ಷೆ’ ಎನ್ನುತ್ತಾರೆ. ಪ್ರತಿಯೊಂದನ್ನೂ ಮನೆಯ ಕಂಪ್ಯೂಟರಿಗೆ ಹಾಕಿ ಹದಿನೈದು ದಿನ ಅತ್ತೆಯ ಕೈಗೆ ಒಪ್ಪಿಸಿದರು. ಇಸ್ಪೀಟಿನ ನಡುವೆ ಹೆದರಿಸುವ ಪೆಟ್ಟಿಗೆ ಬಂದರೆ ಫೇಲು. ಏನು ಕೇಳುತ್ತಿದೆಯೆಂದು ಅತ್ತೆಗೆ ಅರ್ಥವಾಗದಿದ್ದರೆ ಫೇಲು. ಒಂದು ಆಂಟಿವೈರಸ್ಸು ಮೂರನೇ ದಿನ ಬ್ಯಾಂಕ್ ಕಾರ್ಡಿನ ನಂಬರು ಕೇಳಿತು. ಅತ್ತೆ ಅಂಗಡಿಗೆ ಫೋನು ಮಾಡಿ, “ನಿನ್ನ ಕಾವಲುಗಾರ ನನ್ ಪೆಟ್ಟಿಗೆ ಬೀಗದ ಕೈ ಕೇಳ್ತಿದಾನೆ, ಕತ್ತು ಹಿಡಿದು ಆಚೆ ನೂಕು,” ಎಂದರು. ನೂಕಿದ್ದಾಯಿತು. ಐದರಲ್ಲಿ ಉಳಿದದ್ದು ಎರಡು.

ಆ ಎರಡರ ಹೆಸರು ಪತ್ರಿಕೆಯಲ್ಲಿ ಬರೆಯುವುದು ತಡಿಯಕ್ಕನಿಗೆ ಇಷ್ಟವಿಲ್ಲ. “ಇವತ್ತು ಚೆನ್ನಾಗಿರೋದು ನಾಳೆ ಕೆಡಬಹುದು. ವರ್ಷಕ್ಕೊಂದ್ಸಲ ಮತ್ತೆ ನೋಡ್ತೀನಿ. ಹೆಸರು ಬೇಡ ಸರ್, ಆರ್ಸೋ ರೀತಿ ಬರೀರಿ,” ಎಂದರು. ಬರೆದಿದ್ದೇನೆ. ಮಾಡಿದವರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು. ತಾನಾಗಿ ಪರದೆಯ ಮೇಲೆ ಹಾರಿಬಂದದ್ದನ್ನು ಎಂದೂ ಒತ್ತಬಾರದು. ದಿನಾ ತಾನೇ ಹೊಸ ಪಟ್ಟಿ ತಂದುಕೊಳ್ಳುವಂಥದ್ದಾಗಿರಬೇಕು. ಫ್ರೀ ಕೊಡುವವನು ನಮ್ಮಿಂದ ಏನು ತೆಗೆದುಕೊಳ್ಳುತ್ತಿದ್ದಾನೆ ಎಂಬುದು ಸಣ್ಣ ಅಕ್ಷರದಲ್ಲಿರುತ್ತದೆ, ಅದನ್ನು ಓದಬೇಕು. “ಒಂದಂತೂ, ನಾವು ಏನೇನ್ ನೋಡ್ತೀವಿ ಅನ್ನೋದನ್ನೆಲ್ಲ ಬರ್ಕೊಂಡು ಇನ್ಯಾರಿಗೋ ಕೊಡ್ತೀನಿ ಅಂತ ಅದರಲ್ಲೇ ಹೇಳಿತ್ತು. ನಾವ್ ಓದಿರ್ಲಿಲ್ಲ ಅಷ್ಟೆ.”

ಹೊಸ ಕಂಪ್ಯೂಟರು ಇರುವವರಿಗೆ ಇವರು ಬಹಳ ಸಲ ಏನೂ ಹಾಕುವುದೇ ಇಲ್ಲ. ಯಂತ್ರದ ಜೊತೆಗೇ ಬಂದ ರಕ್ಷಣೆ ಚಾಲೂ ಇದೆಯೇ, ಅಪ್‌ಡೇಟ್ ಆಗುತ್ತಿದೆಯೇ ನೋಡಿ, “ಇದೇ ಸಾಕು,” ಎಂದು ಎದ್ದುಬಿಡುತ್ತಾರೆ. ಆಗ ಮನೆಯವರ ಮುಖ ನೋಡಬೇಕು. ಡಾಕ್ಟರು ಇಂಜೆಕ್ಷನ್ನು ಕೊಡದೆ ಕಳಿಸಿದ ರೋಗಿಯಂತೆ, “ಅಷ್ಟೇನಾ ಅಕ್ಕ?” ಎಂದು ಹಿಂದೆಯೇ ಬರುತ್ತಾರೆ.

ನಾನೂ ಒಂದು ಪಾಠ ಕಲಿತೆ. ಮಾತಿನ ನಡುವೆ ನನ್ನ ಪೆನ್ ಡ್ರೈವನ್ನು ಮೇಜಿನ ಮೇಲಿಟ್ಟು, ಅವರ ಹಳೆಯ ಫೋಟೋ ಒಂದನ್ನು ಇದಕ್ಕೆ ಹಾಕಿಕೊಡಿ ಎಂದೆ. ತಡಿಯಕ್ಕ ಅದನ್ನು ಪರೀಕ್ಷೆಗೆ ಹಚ್ಚಿದರು. ಕೆಂಪು ಚೌಕ ಬಂತು. ಒಂದಲ್ಲ, ಎರಡು. “ಪತ್ರಿಕೆ ಆಫೀಸಿಂದಾ?” ಎಂದು ಕೇಳಿದರು. ನಾನು ಹೌದೆಂದು ತಲೆ ತಗ್ಗಿಸಿದೆ.

ಈಗ ಅವರ ನೋಟ್‌ಬುಕ್ಕಿನಲ್ಲಿ ಇನ್ನೂರ ಹನ್ನೆರಡು ಮನೆಗಳಿವೆ. ವರ್ಷಕ್ಕೆರಡು ಸಲ ಪ್ರತಿ ಮನೆಗೂ ಹೋಗಿ ನೋಡಿ ಬರುತ್ತಾರೆ. ಎಲ್ಲ ಮನೆಗೂ ಹೇಳುವ ಎರಡನೇ ಮಾತು: ಬೇಕಾದ ಫೈಲುಗಳನ್ನು ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ನಕಲು ಮಾಡಿ, ತಂತಿ ಕಿತ್ತು, ಡ್ರಾಯರಿನಲ್ಲಿಡಿ. “ಆಂಟಿವೈರಸ್ಸು ದೇವರಲ್ಲ. ಅದೂ ಒಂದಿನ ಕಣ್ಣು ತಪ್ಪಬಹುದು. ತಂತಿ ಕಿತ್ತು ಇಡೋದು ಮುಖ್ಯ. ಕಳ್ಳ ಬಂದಾಗ ಆ ಡಿಸ್ಕು ಮನೇಲಿದ್ರೂ ಅವನ ಕೈಗೆ ಸಿಗ್ಬಾರ್ದು.”

ಈ ಮಾತುಗಳಿಗೆಲ್ಲ ಸೊಪ್ಪು ಹಾಕದವರೊಬ್ಬರಿದ್ದರು. ಬಡಾವಣೆಯ ಶಾಲೆಯ ಗುಮಾಸ್ತರು. ಶಾಲೆಗೆ ದುಡ್ಡು ಕೊಟ್ಟು ಆಂಟಿವೈರಸ್ಸು ತಂದವರು, ಅದರ ಬಗ್ಗೆ ಬಹಳ ಹೆಮ್ಮೆ ಇದ್ದವರು. ಒಮ್ಮೆ ಕಾಗದ ಕೊಡಲು ಶಾಲೆಯ ಕಚೇರಿಗೆ ಹೋಗಿದ್ದ ತಡಿಯಕ್ಕನಿಗೆ ಪರದೆಯ ಮೂಲೆಯಲ್ಲಿ ಕೆಂಪು ಗುರುತು ಕಂಡಿತು. ಅದರ ವಾಯಿದೆ ಮುಗಿದು ಏಳು ತಿಂಗಳಾಗಿತ್ತು. ಹೇಳಿದರು.

“ಏನಮ್ಮಾ, ಇದು ದುಡ್ಡು ಕೊಟ್ಟು ತಂದದ್ದು. ಪುಕ್ಕಟೆ ಸಿಗೋದಕ್ಕೂ ಇದಕ್ಕೂ ಹೋಲಿಕೆನಾ? ಟೈಪಿಂಗ್ ಅಂಗಡಿಯವರು ನಮಗೆ ಹೇಳ್ಕೊಡ್ಬೇಕಾ?” ಎಂದರು ಗುಮಾಸ್ತರು.

“ಬೀಗ ದುಬಾರಿದೇ ಇರ್ಬಹುದು ಸರ್. ಹಾಕಿಲ್ವಲ್ಲ,” ಎಂದು ಹೇಳಿ ಬಂದರು.

ಅದೇ ಗುಮಾಸ್ತರ ಹೆಂಡತಿ ಮುಂದಿನ ವಾರ ಅಂಗಡಿಗೆ ಬಂದರು. “ನಮ್ಮನೆಯವ್ರಿಗೆ ಹೇಳ್ಬೇಡಿ, ನಮ್ಮನೆ ಕಂಪ್ಯೂಟರ್ ಒಂದ್ಸಲ ನೋಡಿ ಬನ್ನಿ,” ಎಂದು ಕರೆದರು. ತಡಿಯಕ್ಕ ಹೋದರು, ಉಚಿತ ಆಂಟಿವೈರಸ್ಸು ಹಾಕಿದರು, ಶನಿವಾರದ ನಕಲಿನ ಕ್ರಮ ಹೇಳಿಕೊಟ್ಟರು. ಆಕೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಹೆಂಗಸು. ಗಂಡ ಶಾಲೆಯಿಂದ ಮನೆಗೆ ತಂದ ಕೆಲಸವೂ ಸೇರಿದಂತೆ ಎಲ್ಲವನ್ನೂ ಶನಿವಾರ ಸಂಜೆ ಡಿಸ್ಕಿಗೆ ನಕಲು ಮಾಡಿ, ತಂತಿ ಕಿತ್ತು, ಕಾಲುಚೀಲಗಳ ಡ್ರಾಯರಿನಲ್ಲಿ ಇಡುತ್ತಿದ್ದರು.

ಕಳೆದ ವರ್ಷ, ಶಾಲೆಯ ಅಂತಿಮ ತರಗತಿಯ ಅಂಕಪಟ್ಟಿ ಪರೀಕ್ಷಾ ಮಂಡಳಿಗೆ ಕಳಿಸಬೇಕಾದ ವಾರ. ಗುರುವಾರ ಕೊನೆಯ ದಿನ. ಸೋಮವಾರ ಬೆಳಿಗ್ಗೆ ಬಡಾವಣೆಯ ನೂರಾರು ಇಮೇಲ್‌ಗಳಿಗೆ ಒಂದೇ ಪತ್ರ ಬಂತು: ‘ನಿಮ್ಮ ನೀರಿನ ಸಂಪರ್ಕ ನಾಳೆ ಕಡಿತವಾಗಲಿದೆ. ವಿವರಕ್ಕೆ ಲಗತ್ತಿಸಿದ ಫೈಲು ತೆರೆಯಿರಿ.’ ನೀರು ನಿಲ್ಲುತ್ತದೆಂದರೆ ಯಾರು ತಾನೆ ತೆರೆಯುವುದಿಲ್ಲ? ಶಾಲೆಯ ಕಚೇರಿಯಲ್ಲಿ ಗುಮಾಸ್ತರು ತೆರೆದರು. ಒಂದು ಗಂಟೆಯೊಳಗೆ ಫೈಲುಗಳಿಗೆಲ್ಲ ಬೀಗ ಬಿದ್ದು, ಹಣ ಕೊಟ್ಟರೆ ತೆರೆಯುತ್ತೇವೆ ಎಂಬ ಬೆದರಿಕೆ ಪರದೆ ತುಂಬಿತು.

ಹತ್ತೂವರೆಗೆ ಗುಮಾಸ್ತರು ಓಡಿಬಂದು ಅಂಗಡಿಯ ಮುಂದೆ ನಿಂತರು. ಯಾವಾಗಲೂ ‘ಏನಮ್ಮಾ’ ಎನ್ನುತ್ತಿದ್ದವರ ಬಾಯಲ್ಲಿ ಅವತ್ತು, “ಅಕ್ಕಾ...” ಎಂದಷ್ಟೇ ಬಂತು.

“ತಂತಿಗಳನ್ನ ಕಿತ್ರಾ?” ತಡಿಯಕ್ಕ ಕೇಳಿದ್ದು ಅದೊಂದೇ.

ಕಿತ್ತಿರಲಿಲ್ಲ. ಶಟರು ಎಳೆಯುವುದನ್ನೂ ಮರೆತು ಅವರು ಶಾಲೆಗೆ ಓಡಿದರು. ಹದಿನಾಲ್ಕು ಕಂಪ್ಯೂಟರುಗಳಲ್ಲಿ ಒಂಬತ್ತು ಆಗಲೇ ಹೋಗಿದ್ದವು. ಉಳಿದ ಐದರ ತಂತಿಗಳನ್ನು ತಾವೇ ಕಿತ್ತರು. ಶಾಲೆಯವರು ನಕಲು ಇಟ್ಟಿದ್ದ ಡಿಸ್ಕು ಸದಾ ಸಿಕ್ಕಿಸಿಯೇ ಇರುತ್ತಿತ್ತು. ಅದಕ್ಕೂ ಬೀಗ ಬಿದ್ದಿತ್ತು. ಮುನ್ನೂರ ಎಂಬತ್ತಾರು ಮಕ್ಕಳ ಅಂಕಗಳು. ವರ್ಷವಿಡೀ ಮೇಷ್ಟ್ರುಗಳು ಕಂಪ್ಯೂಟರಿಗೆ ತುಂಬಿದ ಮೇಲೆ ಹಾಳೆಗಳನ್ನು ಎಸೆಯುತ್ತಿದ್ದರು, ಕಾಗದದಲ್ಲಿ ಏನೂ ಉಳಿದಿಲ್ಲವೆಂದೇ ಎಲ್ಲರೂ ತಿಳಿದಿದ್ದರು. ಮುಖ್ಯೋಪಾಧ್ಯಾಯಿನಿ ಕುರ್ಚಿಯ ಅಂಚಿನಲ್ಲಿ ಕೂತು, “ಆ ಮಕ್ಕಳಿಗೆ ಒಂದ್ ವರ್ಷ ಹೋಗತ್ತೆ,” ಎಂದು ಮತ್ತೆ ಮತ್ತೆ ಹೇಳುತ್ತಿದ್ದರಂತೆ.

“ಸರ್, ನೀವು ಮನೇಲಿ ಕೆಲಸ ಮಾಡ್ತೀರಲ್ಲ?” ತಡಿಯಕ್ಕ ಗುಮಾಸ್ತರನ್ನು ಕೇಳಿದರು.

“ಶನಿವಾರ ಮನೇಲೇ ಕೂತು ಅಂಕ ಎಲ್ಲ ಕೂಡಿ ಹಾಕಿದ್ದೆ. ಆದ್ರೆ ಅದೇ ಇಮೇಲು ಮನೆಗೂ ಬಂದಿದೆ. ನಮ್ಮೋಳು ಒತ್ತಿದೀನಿ ಅಂತ ಈಗ್ತಾನೇ ಫೋನ್ ಮಾಡಿದ್ಲು,” ಎಂದರು ಗುಮಾಸ್ತರು.

ಇಬ್ಬರೂ ಗುಮಾಸ್ತರ ಮನೆಗೆ ಹೋದರು. ಹೆಂಡತಿ ಕಂಪ್ಯೂಟರಿನ ಮುಂದೆ ಕೈ ಕಟ್ಟಿ ನಿಂತಿದ್ದರು, ಏನನ್ನೂ ಮುಟ್ಟದೆ. ಪರದೆಯ ಮೇಲೆ ಕೆಂಪು ಚೌಕ. ಅದರಲ್ಲಿ ಒಂದು ಸಾಲು: ‘ಅಪಾಯಕಾರಿ ಫೈಲನ್ನು ತಡೆಯಲಾಗಿದೆ.’ ಪುಕ್ಕಟೆ ಸಿಕ್ಕ ಕಾವಲುಗಾರ ಬಾಗಿಲಲ್ಲೇ ಕಳ್ಳನನ್ನು ಹಿಡಿದು ನಿಲ್ಲಿಸಿದ್ದ. ಆಕೆ ಡ್ರಾಯರು ಎಳೆದು, ಕಾಲುಚೀಲಗಳನ್ನು ಸರಿಸಿ, ಡಿಸ್ಕನ್ನು ತಂದು ತಡಿಯಕ್ಕನ ಕೈಗಿಟ್ಟರು. “ಶನಿವಾರ ಸಂಜೆ ಮಾಡಿದ್ದು. ತಂತಿ ಕಿತ್ತಿದೀನಿ, ನೋಡ್ಕೊಳ್ಳಿ.”

ಗುಮಾಸ್ತರು ಅದನ್ನು ಕಸಿದುಕೊಂಡು ಶಾಲೆಗೆ ಓಡಲು ಹೊರಟರು. ತಡಿಯಕ್ಕ ಅವರ ಮಣಿಕಟ್ಟು ಹಿಡಿದರು.

“ಊರು ಸೂರೆ ಹೋದ್ಮೇಲೆ ಕೋಟೆ ಬಾಗ್ಲು ಹಾಕಿದ್ರಂತೆ. ನಮಗೆ ಉಳಿದಿರೋದು ಇದೊಂದೇ ಬಾಗ್ಲು. ಇದನ್ನೂ ತೆಗೆದುಬಿಡ್ತೀರಾ? ಶಾಲೆಯ ಯಾವ ಯಂತ್ರಕ್ಕೂ ಇದನ್ನ ಚುಚ್ಚೋ ಹಾಗಿಲ್ಲ.”

ಡಿಸ್ಕು ಅಂಗಡಿಗೆ ಬಂತು. ಲೋಕದ ಸಂಪರ್ಕವೇ ಇಲ್ಲದ ತಾತ ಮೇಜಿನ ಮೇಲೇರಿದ. ಮೊದಲು ಪರೀಕ್ಷೆ, ಆಮೇಲೆ ಎರಡು ನಕಲು, ಅದಾದ ಮೇಲಷ್ಟೇ ಫೈಲು ತೆರೆಯುವುದು. ತಾತ ನಿಧಾನ, ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಅಂಕಪಟ್ಟಿ ತೆರೆಯಿತು. ಗುಮಾಸ್ತರು ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಎಣಿಸಿದರು. ಮುನ್ನೂರ ನಲವತ್ತೈದು. ಉಳಿದ ನಲವತ್ತೊಂದು ಮಕ್ಕಳ ಅಂಕಗಳನ್ನು ಅದೇ ಬೆಳಿಗ್ಗೆ ತುಂಬಿದ್ದರಿಂದ ಆ ಹಾಳೆಗಳು ಮೇಷ್ಟ್ರ ಚೀಲದಲ್ಲೇ ಇದ್ದವು. ತಡಿಯಕ್ಕ ತಾವೇ ಕೂತು ಟೈಪು ಮಾಡಿದರು. ಅವರ ವೇಗಕ್ಕೆ ನಲವತ್ತೊಂದು ಯಾವ ಮಹಾ? ಒಂದು ದಿನ ಉಳಿಸಿಕೊಂಡು, ಬುಧವಾರ ಮಧ್ಯಾಹ್ನವೇ ಪಟ್ಟಿ ಮಂಡಳಿಗೆ ತಲುಪಿತು. ಒಂದು ಮಗುವಿನ ಒಂದು ಅಂಕವೂ ಕಳೆಯಲಿಲ್ಲ.

ಆ ವಾರವಿಡೀ ತಡಿಯಕ್ಕ ತಮ್ಮ ನೋಟ್‌ಬುಕ್ಕು ಹಿಡಿದು ಇನ್ನೂರ ಹನ್ನೆರಡು ಮನೆಗಳನ್ನೂ ಸುತ್ತಿದರು. ತೊಂಬತ್ತಾರು ಮನೆಗಳಿಗೆ ಆ ಪತ್ರ ಬಂದಿತ್ತು. ಮೂವತ್ತೊಂದು ಮನೆಯವರು ಒತ್ತಿದ್ದರು. ಇಪ್ಪತ್ತೊಂಬತ್ತು ಕಡೆ ಕೆಂಪು ಚೌಕ ಬಂದು ತಡೆದಿತ್ತು. ಇನ್ನೆರಡು ಮನೆಗಳಲ್ಲಿ ಆಟ ಆಡುವಾಗ ಅಡ್ಡಿಯೆಂದು ಆಂಟಿವೈರಸ್ಸನ್ನೇ ಆಫ್ ಮಾಡಿಟ್ಟಿದ್ದರು. ಅಲ್ಲಿ ಬೀಗ ಬಿತ್ತು. ಆದರೆ ಇಬ್ಬರ ಡ್ರಾಯರಿನಲ್ಲೂ ನಕಲಿತ್ತು. ನೋಟ್‌ಬುಕ್ಕಿನ ಆ ಪುಟದ ಕೆಳಗೆ ಒಂದು ಸಾಲು ಬರೆದಿದ್ದಾರೆ: ‘ಹೋದ ಫೈಲು: ಇಲ್ಲ.’ ಅದರಡಿ ಎರಡು ಗೆರೆ ಎಳೆದಿದ್ದಾರೆ, ಎರಡನೆಯದು ಕಾಗದ ಹರಿಯುವಷ್ಟು ಜೋರಾಗಿ.

ಒತ್ತಿದವರ ಪೈಕಿ ಹಿಂದಿನ ಬೀದಿಯ ಫೋಟೋಗ್ರಾಫರೂ ಇದ್ದರು. ತಡಿಯಕ್ಕ ಅವರ ಮನೆ ತಲುಪುವ ಮೊದಲೇ ಆತ ಅಂಗಡಿಗೆ ಬಂದರು. “ಮದುವೆಗಳೆಲ್ಲ ಸೇಫು ಅಕ್ಕ. ಒಬ್ರಿಗೂ ಎರಡನೇ ಸಲ ಮಾಡ್ಸೋದ್ ಬೇಡ,” ಎಂದರು. ಇಬ್ಬರೂ ನಕ್ಕರು. ನಗುತ್ತಾ ನಗುತ್ತಾ ತಡಿಯಕ್ಕನ ಕಣ್ಣಲ್ಲಿ ನೀರು ಬಂತು. “ಮುಳ್ಳು ಇನ್ನೂ ಇದೆ ಅಂದೆನಲ್ಲ, ಇದೆ. ಆದ್ರೆ ಅವತ್ತಿಂದ ಚುಚ್ಚಲ್ಲ,” ಎಂದರು ನನಗೆ.

ಶಾಲೆಯಲ್ಲಿ ಬೆಳಗಿನ ಸಭೆಗೆ ಕರೆದರು. ಗುಮಾಸ್ತರು ತಾವೇ ಮುಂದೆ ಬಂದು, ತಡಿಯಕ್ಕ ಮೊದಲೇ ಎಚ್ಚರಿಸಿದ್ದನ್ನೂ ತಾವು ಗದರಿಸಿ ಕಳಿಸಿದ್ದನ್ನೂ ಎಲ್ಲರೆದುರು ಹೇಳಿಕೊಂಡರು. ಅದು ಸುಲಭದ ಮಾತಲ್ಲ. ಅಷ್ಟೂ ಮಕ್ಕಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಡಿಯಕ್ಕನಿಗೆ ಕೈ ಎಲ್ಲಿಟ್ಟುಕೊಳ್ಳಬೇಕೆಂದೇ ತೋಚಲಿಲ್ಲ. ಮೊದಲ ಸಾಲಿನಲ್ಲಿ ಕೂತಿದ್ದ ಅತ್ತೆಗೆ ಆ ತೊಂದರೆ ಇರಲಿಲ್ಲ. ಚಪ್ಪಾಳೆ ನಿಂತ ಕೂಡಲೇ, ಕಿವಿ ಮಂದವಾದವರ ದೊಡ್ಡ ದನಿಯಲ್ಲಿ ಪಕ್ಕದವರಿಗೆ, “ಅದನ್ನ ಪರೀಕ್ಷೆ ಮಾಡಿ ಪಾಸ್ ಮಾಡಿದ್ದು ನಾನು,” ಎಂದರು. ಚಪ್ಪಾಳೆ ಮತ್ತೆ ಶುರುವಾಯಿತು.

ಏನು ಬೇಕು ಕೇಳಿ ಎಂದರು ಮುಖ್ಯೋಪಾಧ್ಯಾಯಿನಿ. ಶಾಲು ಬೇಡ, ಫಲಕ ಬೇಡ, ವಾರಕ್ಕೊಂದು ಗಂಟೆ ಒಂದು ಕೋಣೆ ಕೊಡಿ ಎಂದರು ತಡಿಯಕ್ಕ. ಈಗ ಪ್ರತಿ ಭಾನುವಾರ ಹತ್ತು ಗಂಟೆಗೆ ದೊಡ್ಡವರ ತರಗತಿ ನಡೆಯುತ್ತದೆ. ನಿವೃತ್ತರು, ದರ್ಜಿಗಳು, ಅಜ್ಜಿಯರು ಬರುತ್ತಾರೆ. ಇದುವರೆಗೆ ಇಪ್ಪತ್ತಮೂರು ಮಂದಿ ಆರಿಸುವುದನ್ನೂ ಹಾಕುವುದನ್ನೂ ಸ್ವಚ್ಛ ಮಾಡುವುದನ್ನೂ ಕಲಿತು, ತಂತಮ್ಮ ಬೀದಿಯನ್ನು ತಾವೇ ನೋಡಿಕೊಳ್ಳುತ್ತಿದ್ದಾರೆ. ಅವರಲ್ಲಿ ಎಲ್ಲರಿಗಿಂತ ಚುರುಕು ಗುಮಾಸ್ತರ ಹೆಂಡತಿ. ಮುಂದಿನ ತಿಂಗಳು ನಾಲ್ಕು ದಿನ ಈ ಅಂಗಡಿಯಲ್ಲಿ ಕೂರುವವರೂ ಅವರೇ.

ಆ ನಾಲ್ಕು ದಿನ ತಡಿಯಕ್ಕ ಎಲ್ಲಿರುತ್ತಾರೆ? ಕೇಳಿದ್ದಕ್ಕೆ, ಇಡೀ ಬೆಳಿಗ್ಗೆಯಲ್ಲಿ ಮೊದಲ ಬಾರಿಗೆ ಪರದೆಯಿಂದ ಕಣ್ಣು ತೆಗೆದು ನನ್ನತ್ತ ತಿರುಗಿದರು.

“ಸಮುದ್ರಕ್ಕೆ ಹೋಗ್ತಿದೀವಿ ಸರ್. ನಾವು ಮೂರೇ ಜನ. ಮನೆಯವರು ಇಷ್ಟ್ ವರ್ಷ ಬಸ್ ಓಡ್ಸಿದಾರೆ, ಆ ಕಡೆಗೆ ಒಂದಿನವೂ ಡ್ಯೂಟಿ ಬಿದ್ದಿಲ್ಲ. ಈ ಸಲ ಅವ್ರು ಸೀಟಲ್ಲಿ ಕೂತ್ಕೊಂಡು ಬರ್ತಾರೆ,” ಎಂದು ಪ್ರಿಂಟರಿನಿಂದ ಬರುತ್ತಿದ್ದ ಹಾಳೆಯನ್ನು ಮೆಲ್ಲಗೆ ಎಳೆದುಕೊಂಡರು. ಯಾರದೋ ಪ್ರವಾಸದ ಫೋಟೋ. “ಈ ಕೈಯಲ್ಲಿ ಎಷ್ಟೋ ಜನರ ಸಮುದ್ರ ಪ್ರಿಂಟ್ ಹಾಕ್ಕೊಟ್ಟಿದೀನಿ. ಒಂದ್ಸಲ ನಾನೂ ಕಾಲು ಒದ್ದೆ ಮಾಡ್ಕೊಂಡು ಬರ್ತೀನಿ.”